ಹೊಟ್ಟೆ ತುಂಬಿದ ಕೌದಿ

ಕುರುಗೋಡು ಬಸ್‌ಸ್ಟ್ಯಾಂಡಿನಲ್ಲಿ ಬಳ್ಳಾರಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅತ್ತೆ ಸೊಸೆ ಕೂತಿದ್ದರು. ಹಳೆ ಬಟ್ಟೆ ಸೇರಿಸಿ ಹೊಲಿದು ಅಂಗಡಿಗೆ ಒಯ್ಯುವ ಕೌದಿಗಳಿಗೆ ಹಚ್ಚಿದ್ದ ಚೀಟಿಗಳನ್ನು ಅತ್ತೆ ಒಂದೊಂದೇ ಕತ್ತರಿಸಿ ತೆಗೆಯುತ್ತಿದ್ದಳು.

"ಚೀಟಿ ಇಲ್ದಿದ್ರ ಅಂಗಡಿ ಮೇಡಂ ತಗಳಂಗಿಲ್ಲ, ಅತ್ತಿ."

"ಅದ್ರಾಗ ಏನ್ ಬರಸ್ಯಾಳ, ಇನ್ನೊಮ್ಮೆ ಓದು."

"'ಹಸಿದ ಹೆಣ್ಣುಮಕ್ಕಳ ಕೈಕೆಲಸ. ಕೊಂಡು ಕೈಹಿಡಿಯಿರಿ.'"

"ಕೌದಿ ಮುಗಿಸಾಗ ಕಡೀ ಮೂಲ್ಯಾಗ ಏನಿಟ್ಟು ಹೊಲಿತೀವಿ?"

"ಹೋಳಿಗಿ ಚೂರು."

"ಯಾಕ?"

"ಕೌದಿ ಹಸ್ಕೊಂಡು ಮನಿ ಬಿಡಬಾರ್ದು ಅಂತ."

"ಅರಿವಿ ಬಟ್ಟಿಗೇ ಉಣಿಸಿ ಕಳಿಸೋರು ನಾವು. ನಾವು ಹಸದೋರಾ?"

"ಮೇಡಂ ಒಳ್ಳೇಕಿ. ನಮಗ ಚಲೋ ಆಗ್ಲಿ ಅಂತ ಬರಸ್ಯಾಳ."

"ಒಳ್ಳೇಕಿನ. ಕೌದಿ ಚೆಂದ ಐತಿ ಅಂತ ಬರಸ್ಲಿ, ಕೊಡ್ತೀನಿ. ಇಲ್ಲಂದ್ರ ಹೊತ್ಕೊಂಡು ವಾಪಸ್ ಬರ್ತೀನಿ."

ಬಸ್ಸು ಬಂತು. ಅತ್ತೆ ಗಂಟು ಹೊತ್ತು ಎದ್ದಳು.

"ಆ ಡಬ್ಬಿ ತಗಾ. ಮೇಡಂಗೂ ಎರಡು ಹೋಳಿಗಿ ಕಟ್ಟೀನಿ. ಹಸದಿರ್ಬೇಕು, ಪಾಪ."