ಮೊಳೆ ಇಲ್ಲದವನು

ಸಂಜೆ ಶುರುವಾದ ಮಳೆಗೆ ಕರೆಂಟು ಹೋಯಿತು. ರಾಷ್ಟ್ರೀಯ ಉದ್ಯಾನದ ಅತಿಥಿಗೃಹದಲ್ಲಿ ನಾವು ಹತ್ತು ಜನ ಒಂದೇ ಮೇಣದಬತ್ತಿಯ ಸುತ್ತ ಕೂತಿದ್ದೆವು. ಬೆಳಿಗ್ಗೆ ಜಿಂಕೆ, ಕಾಡುಕೋಣ, ಮಧ್ಯಾಹ್ನ ಗುಹೆ ನೋಡಿ ಎಲ್ಲರೂ ದಣಿದಿದ್ದೆವು. ಗುಹೆಯ ಬಾಗಿಲು ಕಾಯುವ ಮುದುಕ, ಎಲ್ಲರ ಬಾಯಲ್ಲೂ ಬೀಗದಜ್ಜ, ಮಾತ್ರ ಕೂತಲ್ಲಿ ಕೂರಲಾರದೆ ಮತ್ತೆ ಮತ್ತೆ ಎದ್ದು ಬಾಗಿಲ ಚಿಲಕ ಮುಟ್ಟಿ ಬರುತ್ತಿದ್ದ.

"ಏನಜ್ಜ, ಕಾಲಿಗೆ ಚಕ್ರ ಕಟ್ಕೊಂಡಿದ್ದೀರಾ?" ಎಂದು ಅತ್ತಿಗೆ ಕೆಣಕಿದರು. ಅಜ್ಜ ನಗಲಿಲ್ಲ.

"ಹೇಳ್ತೀನಿ ಕೇಳಿ ತಾಯಿ... ಒಳಗೆ ಹೋಗೋವಾಗ ನಿಮಗೆ ಒಂದೊಂದು ಹಿತ್ತಾಳೆ ಬಿಲ್ಲೆ ಕೊಟ್ನಲ್ಲ, ಹೊರಗೆ ಬಂದು ನೀವೇ ಅದನ್ನ ಹಲಗೆ ಮೊಳೆಗೆ ನೇತುಹಾಕಿದ್ರಲ್ಲ, ಅದು ನನ್ನ ಕಾಲದಿಂದ್ಲೂ ಇರೋ ಕ್ರಮ. ಎಲ್ಲ ಬಿಲ್ಲೆ ವಾಪಸ್ ಬಂದು ಹಲಗೆ ತುಂಬ್ತು ಅಂದ್ರೆ ಗುಹೆ ಖಾಲಿ, ಬೀಗ ಹಾಕು, ಅಷ್ಟೇ. ಆಗ ಬಾಗಿಲಲ್ಲಿ ನಾನು, ಲಾಟೀನು ಹಿಡಿದು ಜನರ ಹಿಂದೆ ಬರೋನು ನನ್ನ ತಮ್ಮ. ಕೊನೇ ಮನುಷ್ಯ ಹೊರಗೆ ದಾಟೋವರೆಗೂ ಅವನು ದಾಟ್ತಿರ್ಲಿಲ್ಲ, ಅಂಥ ಹಟಮಾರಿ.

"ಅವತ್ತು ಎದುರು ಬಂಡೆ ಮೇಲೆ ಚಿರತೆ ಕಾಣಿಸ್ತು ನೋಡಿ... ಜನ ಅದನ್ನ ನೋಡೋಕೆ ಎದ್ದೂ ಬಿದ್ದೂ ಹೊರಗೆ ಓಡಿದ್ರು. ತಮ್ಮ ಒಳಗಿಂದ ಕೂಗಿದ, 'ಅಣ್ಣಾ, ಎಲ್ರೂ ಬಂದ್ರಾ?' ಹಲಗೆ ನೋಡಿದ್ರೆ ಒಂದು ಮೊಳೆ ಖಾಲಿ. 'ಒಬ್ರು ಇಲ್ಲ ಕಣೋ' ಅಂದೆ. ಹುಡುಕೋಕೆ ವಾಪಸ್ ಹೋದ. ಆ ಒಬ್ಬ ಮಹಾರಾಯ ಎಲ್ಲಿದ್ದ ಅಂತೀರಿ? ಹೊರಗೇ, ಬಿಲ್ಲೆ ಮುಷ್ಟೀಲಿ ಹಿಡ್ಕೊಂಡು ಚಿರತೆ ನೋಡ್ತಾ ನಿಂತಿದ್ದ! ಆಮೇಲೆ ತಂದು ನೇತುಹಾಕಿದ. ನನ್ನ ಕಣ್ಣೂ ಚಿರತೆ ಮೇಲೇ... ಹಲಗೆ ತುಂಬಿತ್ತು, ಬೀಗ ಜಡಿದೆ, ಜನರ ಜೀಪು ಹತ್ತಿ ಹೋದೆ. ನಮ್ಮಂಥ ಕೆಲಸದವರಿಗೆ ಬಿಲ್ಲೆ ಎಲ್ಲಿ, ಮೊಳೆ ಎಲ್ಲಿ?

"ಸಂಜೆ ಇಂಥದ್ದೇ ಮಳೆ. 'ಭಾವ, ಇವರೆಲ್ಲಿ?' ಅಂತ ಅವನ ಹೆಂಡತಿ ಬಂದು ಕೇಳಿದಾಗ್ಲೇ ನನಗೆ ಅವನ ನೆನಪಾಗಿದ್ದು. ಓಡಿಹೋಗಿ ಬೀಗ ತೆಗೆದ್ರೆ ಒಳಗಿನ ಹಳ್ಳ ಉಕ್ಕಿ ಬಾಗಿಲವರೆಗೂ ನೀರು. ಬಾಗಿಲ ಸರಳಿಗೆ ಅವನ ಲಾಟೀನು ನೇತಾಡ್ತಿತ್ತು. ಅವನು... ಇವತ್ತಿಗೂ ಸಿಕ್ಕಿಲ್ಲ."

ಅಜ್ಜ ಮತ್ತೆ ಎದ್ದು ಚಿಲಕ ಮುಟ್ಟಿ ಬಂದ.

"ತಾಯಿ, ಮಧ್ಯಾಹ್ನ ನೀವು ನಗ್ತಾ ಏನೋ ಹೇಳಿದ್ರಲ್ಲ, ಇನ್ನೊಂದ್ಸಲ ಹೇಳಿ."

ಅತ್ತಿಗೆಯ ದನಿ ಸಣ್ಣದಾಯಿತು. "ನಾವು ಹೊರಗೆ ಬಂದ್ಮೇಲೆ ಒಳಗಿಂದ ಯಾರೋ 'ಎಲ್ರೂ ಬಂದ್ರಾ' ಅಂದ್ರು. ಪಾಪ, ನಿಮ್ಮ ಕಡೆಯವರು ಯಾರೋ ಅಂತ... 'ಬಂದ್ವಿ, ನೀವೂ ಬನ್ನಿ' ಅಂದೆ."

"ಮೂವತ್ತು ವರ್ಷದಿಂದ ದಿನಾ ಕೇಳ್ತಾನೆ. ನಾನು ಕಿವಿ ಮುಚ್ಕೊಂಡು ಬೀಗ ಹಾಕ್ತೀನಿ. ಯಾವ ಮುಖ ಇಟ್ಕೊಂಡು 'ನೀನೂ ಬಾರೋ' ಅನ್ಲಿ? ನೀವು ಕರೆದ್ರಿ... ಕರೆದ್ರೆ ಅವನು ಬರ್ದೇ ಇರೋನಲ್ಲ."

"ಅದಕ್ಕೇನಾ ಅಜ್ಜ, ಚಿಲಕ ಹಾಕಿದ್ಯಾ ಅಂತ ನೋಡ್ತಿರೋದು?" ಎಂದೆ.

"ಹಾಕಿದ್ಯಾ ಅಂತ ಅಲ್ಲಪ್ಪ, ತೆಗೆದಿದ್ಯಾ ಅಂತ. ಇನ್ನೊಂದ್ಸಲ ಅವನ ಮುಂದೆ ಬಾಗಿಲು ಮುಚ್ಚಿರಬಾರದು..." ಅಜ್ಜ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. "ಅವನು ಯಾವತ್ತೂ ಕೊನೇಲೇ ಬರೋನು. ನೀವೆಲ್ಲಾ ಒಳಗೆ ಬಂದಾಯ್ತು, ತಾನೆ?"