ಪರಿಮಳಳ ಕೈ, ನನ್ನ ಕೀಬೋರ್ಡು

ವರ್ತಕರ ಸಂಘದ ಅಧ್ಯಕ್ಷರಾದ ಶಿವಮೂರ್ತಿಯವರೇ, ಮೂರನೇ ಕ್ಲಾಸಿನಲ್ಲಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ಇವತ್ತು ಅದೇ ಕೈಯಿಂದ ಶಾಲು ಹೊದಿಸಿದ ಸೋಮಶೇಖರ್ ಮೇಷ್ಟ್ರೇ, ತಾಳವಾಡಿಯ ಅಂಗಡಿಗಳಿಗೆ ಬಾಗಿಲು ಹಾಕಿಕೊಂಡು ಬಂದಿರುವ ಬಂಧುಗಳೇ, ಹಾಸನೂರು ಜೀರಹಳ್ಳಿ ಕಡೆಯಿಂದ ಬಂದಿರುವ ತಾಯಂದಿರೇ, ಸಭಿಕರೇ.

ಜೀರಹಳ್ಳಿ ಬಸ್ಸು ಐದೂವರೆಗೆ ಹೊರಡುತ್ತದೆ. ಅದು ತಪ್ಪಿದರೆ ಮುಂದಿನದು ನಾಳೆ ಬೆಳಗ್ಗೆಯೇ, ಕತ್ತಲಾದರೆ ರಸ್ತೆಯಲ್ಲಿ ಆನೆ. ಅದು ನನಗೆ ಗೊತ್ತಿದೆ. ಐದೂಕಾಲಿಗೆಲ್ಲ ಮುಗಿಸುತ್ತೇನೆ. ವೃಷಭೇಂದ್ರ ಮೈಕು ಹಿಡಿದರೆ ಬಿಡುವ ಆಸಾಮಿಯಲ್ಲ ಅಂತ ಹಿಂದುಗಡೆ ನಗುತ್ತಿದ್ದೀರಿ. ನಗಿ, ನಗಿ. ಆದರೆ ಇವತ್ತು ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಅದನ್ನು ಕೇಳಬೇಕಾದವಳು ಮೂರನೇ ಸಾಲಿನಲ್ಲಿ, ಕಿಟಕಿಯ ಪಕ್ಕ, ನೀಲಿ ಸೀರೆ ಉಟ್ಟು ಕೂತಿದ್ದಾಳೆ. ಪರಿಮಳ ಬಂದದ್ದು ನನಗೆ ಬಹಳ ಸಂತೋಷ.

ನಮ್ಮ ಕಂಪ್ಯೂಟರ್ ಸೆಂಟರಿಗೆ ಇಪ್ಪತ್ತೈದು ವರ್ಷ ತುಂಬಿತು ಅಂತ ಈ ಸನ್ಮಾನ ಇಟ್ಟುಕೊಂಡಿದ್ದೀರಿ. ಹಳೆಯ ಕೀಬೋರ್ಡು ಸತ್ತುಹೋಯಿತು ಅಂತ ಕೇಳಿ, ಹೊಸದೊಂದನ್ನು ತಂದು, ಹೂವಿಟ್ಟು, ಇಗೋ ಈ ಮೇಜಿನ ಮೇಲೆ ಇಟ್ಟಿದ್ದೀರಿ. ಆಗಲೇ ನಿರೂಪಕಿ ಮಧುಶ್ರೀ ಎಲ್ಲರ ಮೇಲೂ ಪನ್ನೀರು ಚಿಮುಕಿಸಿದಾಗ ನಾಲ್ಕು ಹನಿ ಇದರ ಮೇಲೂ ಬಿತ್ತು. ನಾನು ಎದ್ದು ಹೋಗಿ ಈ ಶಾಲಿನಲ್ಲೇ ಒರೆಸಿದೆ. ಇವನಿಗೇನು ಬಂತಪ್ಪಾ ಅಂತ ಮೇಷ್ಟ್ರು ನನ್ನ ಮುಖ ನೋಡಿದರು. ಹೇಳುತ್ತೇನೆ ಮೇಷ್ಟ್ರೇ, ಅದನ್ನು ಹೇಳುವುದಕ್ಕೇ ನಿಂತಿರುವುದು.

ಹಳೆಯದನ್ನು ನೀವೆಲ್ಲ ನೋಡಿದ್ದೀರಿ, ನೋಡದಿದ್ದರೂ ಕೇಳಿದ್ದೀರಿ. ಕೊಯಮತ್ತೂರಿನಿಂದ ನಾನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಂದದ್ದು. ಒಂದೊಂದು ಕೀಯ ಕೆಳಗೂ ಒಂದೊಂದು ಸ್ಪ್ರಿಂಗು, ಎತ್ತಿದರೆ ಒರಳುಕಲ್ಲಿನ ಭಾರ. ಟಕಟಕ ಅಂದರೆ ಬಸ್ ಸ್ಟ್ಯಾಂಡಿಗೆ ಕೇಳುತ್ತಿತ್ತು. ಆ ಸದ್ದು ಕೇಳಿದರೆ ಸೆಂಟರ್ ತೆಗೆದಿದೆ ಅಂತ ಅರ್ಥ. ಕಂಪ್ಯೂಟರು ನಾಲ್ಕು ಬದಲಾದವು, ಕೀಬೋರ್ಡು ಬದಲಾಗಲಿಲ್ಲ. ಪರಿಮಳ ಬಿಡಲಿಲ್ಲ. "ಅಣ್ಣ, ಇದ್ರಲ್ಲಿ ಒತ್ತುದ್ರ ಒತ್ತಂಗ ಅನ್ನುಸ್ತದ, ಆ ಹೊಸವು ಬರೀ ಮೆತ್ತಗವ" ಅನ್ನುತ್ತಿದ್ದಳು.

ಒತ್ತುತ್ತಿದ್ದವರು ಯಾರು? ನಾನೇ? ನನಗೆ ಒಂದೇ ಬೆರಳು ಓಡುತ್ತದೆ, ಅದೂ ಕನ್ನಡಕ ಹಾಕಿಕೊಂಡರೆ. ಚಿಕ್ಕಮಾದ ನಮ್ಮ ಹೊಲದಲ್ಲಿ ಕೂಲಿಗೆ ಬರುತ್ತಿದ್ದ, ನಿಮಗೆ ಗೊತ್ತು. ಅವನ ಮಗಳು ಪರಿಮಳ ತಮಿಳು ಟೈಪಿಂಗ್ ಪರೀಕ್ಷೆ ಪಾಸು ಮಾಡಿ, ಕನ್ನಡವನ್ನು ತಾನೇ ಕಲಿತು, ಸೆಂಟರಿನಲ್ಲಿ ಕೂತಳು. ನೀವು ಕನ್ನಡದಲ್ಲಿ ಗೋಳು ಹೇಳಿಕೊಳ್ಳುತ್ತಿದ್ದಿರಿ, ಅವಳು ನಿಮ್ಮ ಮುಖ ನೋಡುತ್ತಲೇ ತಮಿಳಿನಲ್ಲಿ ಮನು, ಅಂದರೆ ಅರ್ಜಿ, ಟೈಪ್ ಮಾಡಿ ಕೈಗೆ ಕೊಡುತ್ತಿದ್ದಳು. ಪಟ್ಟಾ, ಪಿಂಚಣಿ, ಜಾತಿ ಸರ್ಟಿಫಿಕೇಟು, ಆನೆ ತುಳಿದ ಬಾಳೆಗೆ ಪರಿಹಾರ, ಮದುವೆ ಕಾಗದ, ತಿಥಿ ಕಾಗದ. ಈ ಬೆಟ್ಟದ ಮೇಲೆ ಅವಳ ಬೆರಳು ಮುಟ್ಟದ ಕಾಗದ ಯಾರ ಮನೆಯಲ್ಲಿದೆ? ಆದರೂ ಶಾಲು ನನ್ನ ಹೆಗಲ ಮೇಲಿದೆ. ಬೋರ್ಡಿನ ಮೇಲೆ ನನ್ನ ಹೆಸರಿತ್ತಲ್ಲ, ಅದಕ್ಕೆ.

ಐದು ಗಂಟೆ. ಇನ್ನೂ ಹೊತ್ತಿದೆ.

ನಮ್ಮದು ಶಿವನನ್ನು ನಂಬಿದ ಮನೆ. ಆಯುಧಪೂಜೆಗೆ ನೇಗಿಲು, ಕುಡುಗೋಲು, ತಕ್ಕಡಿಯ ಜೊತೆ ಕೀಬೋರ್ಡನ್ನೂ ಮನೆಗೆ ತಂದು ದೇವರ ಮುಂದೆ ಇಡುತ್ತಿದ್ದೆವು. ಮೊದಲನೆಯ ವರ್ಷ ನಾನು ಅದನ್ನು ಹೊತ್ತು ಒಳಗೆ ಬರುವಾಗ ನಮ್ಮಮ್ಮ ವಿಶಾಲಾಕ್ಷಮ್ಮ ಬಾಗಿಲಲ್ಲೇ ತಡೆದಳು. "ವರ್ಸವೆಲ್ಲ ಆ ಚಿಕ್ಕಮಾದನ್ ಮಗ್ಳು ಮುಟ್ಟಿರದ ಅಂಗೇ ದೇವ್ರ ಮುಂದಕ ತತ್ತಿದ್ದೀಯೇನ್ಲಾ? ನಿಂತ್ಕ ಅಲ್ಲೇ" ಅಂದವಳು, ಚೊಂಬಿನಲ್ಲಿ ಗಂಜಲದ ನೀರು ತಂದು ಮಾವಿನೆಲೆಯಲ್ಲಿ ಚಿಮುಕಿಸಿದಳು. ಹಳೆಯ ಕಾಲದವಳು. ನೀವು ತಪ್ಪು ತಿಳಿಯಬೇಡಿ. ಅಥವಾ ತಿಳಿಯಿರಿ.

ಪ್ರತಿ ವರ್ಷ ಹಬ್ಬ ಕಳೆದ ಮೇಲೆ ಎರಡೋ ಮೂರೋ ಕೀ ಕಚ್ಚಿಕೊಳ್ಳುತ್ತಿದ್ದವು. ಒತ್ತಿದರೆ ಏಳುತ್ತಿರಲಿಲ್ಲ, ಎದ್ದರೆ ಅಕ್ಷರ ಬೀಳುತ್ತಿರಲಿಲ್ಲ. ಪರಿಮಳ ಎಲ್ಲ ಕೀಗಳನ್ನೂ ಕಿತ್ತು, ಸೋಪಿನ ನೀರಿನಲ್ಲಿ ತೊಳೆದು, ಮೊರದ ಮೇಲೆ ಬಿಸಿಲಿಗೆ ಒಣಗಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸಂದುಗೊಂದು ಉಜ್ಜಿ ಮತ್ತೆ ಕೂರಿಸುತ್ತಿದ್ದಳು. ಹೇಗೋ ಒಂದು ವರ್ಷ ನಡೆಯುತ್ತಿತ್ತು. ಮತ್ತೆ ಹಬ್ಬ, ಮತ್ತೆ ಅದೇ ಗೋಳು. "ನನ್ ಕೈನೇ ಸರಿಗಿಲ್ಲ ಕಣಣ್ಣ, ಬಲವಾಗಿ ಒತ್ತುಬುಟ್ಟೆ ಅಂತ ಕಾಣ್ತದ" ಅನ್ನುತ್ತಿದ್ದಳು. ನಾನು ಏನಂದೆ? ಅಂಗಡಿ ತುಂಬ ಗಿರಾಕಿಗಳಿದ್ದರು, ನಿಮ್ಮಲ್ಲೇ ಹಲವರಿದ್ದಿರಿ. "ರಾಗಿ ಕುಟ್ಟೋ ಕೈ ಅಲ್ವಾ, ಮೆಲ್ಲಗೆ ಒತ್ತು ಅಂದ್ರೆ ಎಲ್ಲಿ ಬರುತ್ತೆ" ಅಂದೆ. ನೀವು ನಕ್ಕಿರಿ. ಅವಳೂ ನಕ್ಕಳು. ಮಾರನೇ ವಾರ ಸತ್ಯಮಂಗಲದ ಆಸ್ಪತ್ರೆಗೆ ಹೋಗಿ ಬೆರಳಿನ ನರಕ್ಕೆ ಮಾತ್ರೆ ಬರೆಸಿಕೊಂಡು ಬಂದಳು. ಹರಳೆಣ್ಣೆ ಹಚ್ಚಿಕೊಂಡು ಟೈಪ್ ಮಾಡುತ್ತಿದ್ದಳು.

ಈ ಸಲ ಹಬ್ಬದ ಮೇಲೆ ಅರ್ಧಕ್ಕರ್ಧ ಕೀಗಳೇ ಸತ್ತವು. ಎಸೆಯಲು ಅವಳು ಒಪ್ಪಲಿಲ್ಲ. ಇಬ್ಬರೂ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಘಾಟಿ ಇಳಿದು ಸತ್ಯಮಂಗಲದ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆವು. ಅವನು ಸ್ಕ್ರೂ ಬಿಚ್ಚಿದ. ಒಳಗೆ ಸ್ಪ್ರಿಂಗೆಲ್ಲ ತುಕ್ಕು, ತಗಡಿನ ಮೇಲೆ ಹಳದಿ ಹಕ್ಕಳೆ. "ಯಾರು ಸಾರ್ ಇದುಲೆ ತಣ್ಣಿ ಊತ್ತಿನದು?" ನೀರು ಹುಯ್ದವರು ಯಾರು ಅಂತ ಕೇಳಿದ. ನಾನು ಗೊತ್ತಿಲ್ಲ ಅಂದೆ. ಅವನು ಬೆಸುಗೆಯ ಕಡ್ಡಿ ಕಾಯಿಸಿ ಒಂದು ಕಡೆ ಮುಟ್ಟಿಸಿದ್ದೇ ತಡ, ಹೊಗೆ ಎದ್ದಿತು, ಹೊಗೆಯ ಜೊತೆ ವಾಸನೆಯೂ ಎದ್ದಿತು. ಮೂಗು ಮುಚ್ಚಿಕೊಂಡು ಅವನೆಂದ, "ವೆರುಂ ತಣ್ಣಿ ಇಲ್ಲೆ ಸಾರ್, ಕೋಮಿಯಂ." ಬರೀ ನೀರಲ್ಲ, ಗಂಜಲ. ಪರಿಮಳ ದನದ ಕೊಟ್ಟಿಗೆ ಗುಡಿಸಿ ಬೆಳೆದವಳು, ಅವಳಿಗೆ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಬ್ಬದ ದಿನ ನಮ್ಮ ಮನೆಯಲ್ಲಿ ಗಂಜಲ ಯಾತಕ್ಕೆ ಅಂತಲೂ ಯಾರೂ ಹೇಳಬೇಕಾಗಿರಲಿಲ್ಲ.

ಬರುವಾಗ ಇಪ್ಪತ್ತೇಳು ತಿರುವು ಹತ್ತುವವರೆಗೂ ಅವಳು ಆ ಬಟ್ಟೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಘಾಟಿಯ ತುದಿಗೆ, ದಿಂಬಂನಲ್ಲಿ, ಬಸ್ಸು ಟೀಗೆ ನಿಂತಿತು. ಲೋಟ ಹಿಡಿದುಕೊಂಡು, ತನ್ನ ಬೆರಳುಗಳನ್ನೇ ನೋಡುತ್ತಾ ಕೇಳಿದಳು: "ಅಣ್ಣ, ಅಂಗಾದ್ರ ನನ್ ಕೈ ಸರಿಯಾಗೇ ಇತ್ತಾ?"

ಸಭಿಕರೇ, ಹೌದು ಅನ್ನುವುದಕ್ಕೆ ಎಷ್ಟು ಉಸಿರು ಬೇಕು? ನಾನು, "ಟೀ ಆರಿಹೋಗುತ್ತೆ, ಕುಡಿ" ಅಂದೆ.

ತಾಳವಾಡಿಯಲ್ಲಿ ಇಳಿದವಳು ಸೆಂಟರಿನ ಬೀಗದ ಕೈ ನನ್ನ ಕೈಗೆ ಕೊಟ್ಟು ಹೋದಳು. ಎರಡು ಸಲ ಜೀರಹಳ್ಳಿಗೆ ಹೋದೆ. "ಬಾ ಅಣ್ಣ, ಕೂತ್ಕ" ಅಂದಳು. ಕೆಲಸಕ್ಕೆ ಯಾವಾಗ ಬರುತ್ತೀ ಅಂತ ಕೇಳಿ ವಾಪಸು ಬಂದೆ, ಅಷ್ಟೇ ನನ್ನ ಧೈರ್ಯ. ನಾಳೆ ಬೆಳಗ್ಗೆ ಅವಳು ಗಂಡ ನಿಂಗರಾಜು ಜೊತೆ ತಿರುಪ್ಪೂರಿಗೆ ಹೊರಟಿದ್ದಾಳೆ, ಬನಿಯನ್ ಕಂಪನಿಯಲ್ಲಿ ದಾರ ಕತ್ತರಿಸುವ ಕೆಲಸಕ್ಕೆ. ಆ ಬೆರಳು, ದಾರ ಕತ್ತರಿಸುವುದಕ್ಕೆ! ನಾಲ್ಕು ಜನರ ಮುಂದೆ ಅಂದ ಮಾತಿಗೆ ನಾಲ್ಕು ಜನರ ಮುಂದೆಯೇ ಉತ್ತರ ಹೇಳಬೇಕು ಅಂತ ಈ ಸನ್ಮಾನಕ್ಕೆ ಒಪ್ಪಿಕೊಂಡೆ. ಇಲ್ಲದಿದ್ದರೆ ಈ ಶಾಲು ನನಗೆ ಯಾತಕ್ಕೆ?

ಅಮ್ಮನ ಮೇಲೆ ಹಾಕಿ ಜಾರಿಕೊಳ್ಳುತ್ತಿದ್ದಾನೆ ಅಂತ ನಿಮಗೆ ಅನ್ನಿಸಿರಬಹುದು. ಅನ್ನಿಸಲಿ ಅಂತಲೇ ಹಾಗೆ ಹೇಳಿದೆ. ಅಮ್ಮ ತೀರಿಕೊಂಡು ಎಂಟು ವರ್ಷ. ಅವಳು ಹೋದ ಮೇಲಿನ ಎಂಟು ಹಬ್ಬಕ್ಕೂ ಚೊಂಬು ಹಿಡಿದವನು ನಾನು. ನಮ್ಮ ಮನೆಯಲ್ಲಿ ಈಗ ಹಸು ಇಲ್ಲ. ರುದ್ರಸ್ವಾಮಿಯ ಕೊಟ್ಟಿಗೆಗೆ ಹೋಗಿ ಗಂಜಲ ಇಸಿದುಕೊಂಡು ಬರುತ್ತಿದ್ದೆ. ಯಾರು ಹೇಳಿದರು ನನಗೆ? ಯಾರೂ ಹೇಳಲಿಲ್ಲ. ಮಾರನೆಯ ದಿನ ಅದೇ ಕೀಬೋರ್ಡಿನಲ್ಲಿ ಅವಳು ಟೈಪ್ ಮಾಡಿಕೊಡುತ್ತಾಳೆ ಬನ್ನಿ ಅಂತ ನಾನೇ ಕೈಮುಗಿದು ಗಿರಾಕಿಗಳನ್ನು ಕರೆಯುತ್ತಿದ್ದೆ. ಕೀಗಳು ಯಾಕೆ ಸಾಯುತ್ತಿವೆ ಅಂತ ನನಗೆ ಮೊದಲನೆಯ ವರ್ಷವೇ ಗೊತ್ತಿತ್ತು, ಶಿವಮೂರ್ತಿಯವರೇ. ಗೊತ್ತಿದ್ದೂ ಅವಳಿಗೆ ಮಾತ್ರೆ ನುಂಗಲು ಬಿಟ್ಟೆ.

ಪರಿಮಳ, ಈಗ ನಿನಗೆ ಹೇಳಬೇಕಾದ…

ಎಲ್ಲಿ? ಕಿಟಕಿಯ ಪಕ್ಕ ಕೂತಿದ್ದಳಲ್ಲ? ಅಯ್ಯೋ, ಅದು ಬಸ್ಸಿನ ಹಾರ್ನೇನು? ಕಾಳ, ಬಾಗಿಲ ಹತ್ತಿರ ಇದ್ದೀಯಲ್ಲ, ಓಡಪ್ಪಾ, ವೃಷಭೇಂದ್ರ ಕೂಗ್ತಾನೆ ಅಂತ ಹೇಳು, ಒಂದು ನಿಮಿಷ ಬಸ್ಸು ನಿಲ್ಲಿಸು. ಹೊರಟೇಹೋಯಿತಾ? ಅವಳು ಎದ್ದುಹೋದದ್ದು ಯಾವಾಗ? ಅಮ್ಮ ಚೊಂಬು ತಂದದ್ದನ್ನು ಹೇಳುವಾಗಲೇ? ಹಾಗಾದರೆ ಅಮ್ಮ ಮಾಡಿದಳು ಅಂತಷ್ಟೇ ಕೇಳಿಸಿಕೊಂಡು ಹೋದಳು. ಆಮೇಲಿನದನ್ನು ಕೇಳಲಿಲ್ಲ.

ಐದೂ ಮೂವತ್ತೈದು. ಐದೂಕಾಲಿಗೆ ಮುಗಿಸುತ್ತೇನೆ ಅಂದಿದ್ದೆ.

ಇರಲಿ. ಆ ಖಾಲಿ ಕುರ್ಚಿಗೇ ಹೇಳುತ್ತೇನೆ, ಹೇಳದೆ ಕೂತರೆ ನನಗೆ ಅನ್ನ ಇಳಿಯುವುದಿಲ್ಲ. ಪರಿಮಳ, ನಿನ್ನ ಕೈ ಸರಿಯಾಗೇ ಇತ್ತಮ್ಮ. ಎಲ್ಲ ವರ್ಷವೂ ಸರಿಯಾಗೇ ಇತ್ತು.

ಚಪ್ಪಾಳೆ ತಟ್ಟಬೇಡಿ, ದಯವಿಟ್ಟು. ನೀವು ಕೇಳಿ ನನಗೇನಾಗಬೇಕು? ಸಂಘದವರಿಗೆ, ಮೇಷ್ಟ್ರಿಗೆ, ಮಧುಶ್ರೀಗೆ, ಟೀ ಮಾಡಿದವರಿಗೆ, ಇಷ್ಟು ಹೊತ್ತು ಕೂತ ನಿಮಗೆಲ್ಲ ನನ್ನ ವಂದನೆ. ಈ ಹೊಸ ಕೀಬೋರ್ಡು ನನಗೆ ಬೇಡ. ಸಂಘದಲ್ಲೇ ಇರಲಿ, ಟೈಪಿಂಗ್ ಬಲ್ಲ ಯಾವ ಹೆಣ್ಣುಮಗಳಿಗಾದರೂ ಕೊಡಿ. ಕೊಡುವಾಗ ಒರೆಸಿ ಕೊಡಿ. ಆಮೇಲೆ ಅದರ ಮೇಲೆ ಯಾರೂ ಏನನ್ನೂ ಚಿಮುಕಿಸಬೇಡಿ.

ನಮಸ್ಕಾರ.