ಹಲಸಿಗಾರಿನ ಮೀನು

ನಗಬೇಡಿ ಮೇಷ್ಟ್ರೇ... ನಗಬೇಡಿ. ನಗುವಂಥದ್ದು ಎಂತ ಹೇಳಿದೆ ನಾನು ಈಗ? ಮೀನನ್ನ ಚೊಗರಲ್ಲಿ ಹಾಕಿಟ್ಟಿದ್ದೆ ಅಂದೆ. ಹೌದು, ಅಡಿಕೆ ಬೇಯಿಸಿ ಉಳಿದ ನೀರು, ಚೊಗರು. ಮತ್ತೆ ನಿಮ್ಮ ಕಾಲೇಜಿನ ಆ ಮೂಗು ಉರಿಯೋ ಔಷಧಿ ನಮ್ಮಂಥವರ ಮನೇಲಿ ಇರತ್ತಾ? ಮೀನು ಕೆಡಬಾರದು, ಆನಂದಪುರದಿಂದ ಶಿವಮೊಗ್ಗದ ನಿಮ್ಮ ಮನೆವರೆಗೂ ಬರಬೇಕು, ಬಸ್ಸಲ್ಲಿ ಪಕ್ಕದವನು ಎದ್ದು ಹೋಗಬಾರದು. ಚೊಗರು ಕುಡಿದ ಅಡಿಕೆಗೆ ವರ್ಷವಾದ್ರೂ ಹುಳ ಬೀಳಲ್ಲ, ಈ ಮೀನು ನಾಲ್ಕು ದಿನ ತಡ್ಕೊಳ್ಳಲ್ವಾ ಅಂತ ನಮ್ಮ ಹೂವಮ್ಮನೇ ಹೇಳಿದ್ದು. ಹೆಂಡತಿ ಮಾತು ಕೇಳಿದವನನ್ನ ನೋಡಿ ನಗ್ತಾರಾ ಯಾರಾದ್ರೂ?

ಹಾಂ?... ಅಂದ್ರೆ... ಈ ಕೆಂಪು ಮೀನಿಂದಲ್ಲ, ಚೊಗರಿಂದು ಅಂತೀರಾ?

ಇರಿ, ಇರಿ. ಹೋದ ವಾರ ನೀವು ಭೂತಗನ್ನಡಿ ಹಿಡಿದು, "ಇಂಥ ಬಣ್ಣ ನಾನು ಕಂಡೇ ಇಲ್ಲ ಸುಬ್ಬಪ್ಪ" ಅಂದ್ರಲ್ಲ! ಹಳೇ ತಾಮ್ರದ ಬಣ್ಣ ಅಂತ ಇಂಗ್ಲೀಷಲ್ಲಿ ಬರ್ಕೊಂಡೂ ಬಿಟ್ರಲ್ಲ! ... ಹೊಡೆದು ಹಾಕ್ತೀರಾ? ಹಾಕಿ, ಹಾಕಿ. ಬಣ್ಣ ಹೋದ್ರೆ ಹೋಗ್ಲಿ. ಬಣ್ಣ ನೋಡಿ ಜಾತಿ ಹೇಳೋದು ಮನುಷ್ಯರ ಅಭ್ಯಾಸ. ಮೀನಿಗೆ ಬೇರೆ ಲೆಕ್ಕ ಇರಬೇಕು ಅಂತ ನಾನೂ ಅಂದ್ಕೊಂಡಿದ್ದೆ.

ಮೀಸೆ ಇದೆಯಲ್ಲ? ಮೀಸೆಗೆ ಚೊಗರು ಏನೂ ಮಾಡಲ್ಲ. ನಮ್ಮ ಕಡೆ ಮೀಸೆಮೀನಿಗೆಲ್ಲ ಎಂಟು ಮೀಸೆ. ಇದಕ್ಕೆ ನೋಡಿ, ಆರೇ. ... ಅಯ್ಯೋ, ನಾನು ಕಿತ್ತಿಲ್ಲ ಮಾರಾಯ್ರೇ! ಮೀನಿನ ಕ್ಷೌರ ಮಾಡೋಕೆ ನನಗೇನು ಬೇರೆ ಕಸುಬಿಲ್ವಾ? ಕಿತ್ತ ಗುರುತಿಲ್ಲ ಅಂತ ನೀವೇ ಅಲ್ವಾ ಹೇಳಿದ್ದು. ಬೆನ್ನಿನ ರೆಕ್ಕೆ ಹೋಗಿ ಬಾಲಕ್ಕೆ ಕೂಡ್ಕೊಂಡಿದೆ, ಅದೂ ಇದೆ. ಆಮೇಲೆ ಕಣ್ಣು! ಸಾಸಿವೆ ಕಾಳಷ್ಟು. ಆಳದ ಮೀನು ಅನ್ನೋದಕ್ಕೆ ಇನ್ನೆಂಥ ಸಾಕ್ಷಿ ಬೇಕು ನಿಮಗೆ? ಅಷ್ಟು ಕೆಳಗೆ ಬೆಳಕೆಲ್ಲಿದೆ ಕಣ್ಣು ಬಿಡೋಕೆ? ನಮ್ಮೂರು ಹಲಸಿಗಾರಲ್ಲಿ ಕರೆಂಟು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಇಡೀ ಊರು ಮುಳುಗಿದ್ದೇ ಕರೆಂಟಿಗೋಸ್ಕರ, ಅದು ಬೇರೆ ವಿಷಯ.

ನೋಡಿ, ಮತ್ತೆ ನಕ್ರಿ.

ಎಂತ? ... ಓಹೋ, ಅದಾ ಸಂಶಯ! ಅಣೆಕಟ್ಟು ಕಟ್ಟಿ ನಮ್ಮೆದುರಿನ ಈ ನೀರು ನಿಂತು ಇನ್ನೂ ಮೂರು ವರ್ಷ, ಆಳದಲ್ಲಿ ಬದುಕೋ ಮೀನಿನ ಜಾತಿ ಆಗೋದಕ್ಕೆ ಲಕ್ಷಾಂತರ ವರ್ಷ ಬೇಕು... ಸರಿ. ನೀವು ಓದಿದವರು. ಆದರೆ ಒಂದು ಮಾತು ಕೇಳಿ. ನಮ್ಮ ತಾತನ ತಾತ ಕಡಿದು ಹಸನು ಮಾಡಿದ ಊರು. ಅದನ್ನ ಬಿಟ್ಟು ಬೇರೆ ಜಾಗದಲ್ಲಿ ಬದುಕೋದು ಕಲೀರಿ ಅಂತ ನಮಗೆ ಕೊಟ್ಟದ್ದು ಒಂದು ಬೇಸಿಗೆ. ಕಲಿತಿಲ್ವಾ? ನಾವು ಒಂದು ಬೇಸಿಗೇಲಿ ಕಲಿತದ್ದು ಮೀನು ಮೂರು ವರ್ಷದಲ್ಲಿ ಕಲಿಯಲ್ವಾ? ನಮಗಿಂತ ದಡ್ಡ ಅಂತೀರಾ ಅದನ್ನ?

ಹಾಗೆ ಬನ್ನಿ. ಇದು ಪುಸ್ತಕಕ್ಕೆ ಹಾಕೋ ಮಾತಲ್ಲ, ಗೊತ್ತು ನನಗೆ.

ಸರಿ, ಆ ಹೆಸರು ಇನ್ನೊಂದು ಸಲ ಹೇಳಿ ನೋಡುವ. ... ಹಲಸಿಗಾರೆನ್ಸಿಸ್. ಆಹಾ! ಬಾಯಿ ತುಂಬ ಬರತ್ತೆ. ಹೋದ ವಾರ ನಿಮ್ಮ ಜಗಲಿ ಮೇಲೆ ಕೂತು ನೀವೇ ಹೇಳಿದ್ದು, ಹೊಸ ಜಾತಿ ಅಂತ ಖಾತ್ರಿಯಾದ್ರೆ ಸಿಕ್ಕಿದ ಊರಿನ ಹೆಸರು ಇಡೋದುಂಟು ಸುಬ್ಬಪ್ಪ, ಕಲ್ಕತ್ತೆ ಲಂಡನ್ನು ಎಲ್ಲ ಕಡೆ ಅದೇ ಹೆಸರು ಹೇಳ್ತಾರೆ, ಎಲ್ಲಿ ಸಿಕ್ತು ಅಂದ್ರಿ. ಹಲಸಿಗಾರು ಅಂದೆ. ಅಂದ ಕೂಡಲೇ ನೀವು ಎದ್ದು ಬೀರುವಿಂದ ನಕಾಶೆ ತೆಗೆದ್ರಿ. ತೆಗೆದು ಹುಡುಕಿದ್ರಿ, ಹುಡುಕಿದ್ರಿ... ಎಲ್ಲಿ ಸಿಗತ್ತೆ? ಹೊಸ ನಕಾಶೆ. ನೀಲಿ ಬಣ್ಣ ಬಳಿದುಬಿಟ್ಟಿದ್ದಾರೆ.

ಬಸ್ಸಿನ ಬೋರ್ಡಲ್ಲಿಲ್ಲ, ಟಪಾಲಿನ ಮುದ್ರೇಲಿಲ್ಲ. ಮಗಳ ಲಗ್ನಪತ್ರಿಕೇಲಿ "ಹಲಸಿಗಾರು ಸುಬ್ಬಪ್ಪ" ಅಂತ ಹಾಕಿ ಅಂದ್ರೆ ಸಾಗರದ ಪ್ರೆಸ್ಸಿನವನು ಕೇಳಿದ, ಇದು ಯಾವ ಹೋಬಳಿ ಅಂತ. ಮೀನಿನ ಹೋಬಳಿ ಅಂದೆ. ಅವನೂ ನಿಮ್ಮ ಹಾಗೇ ನಕ್ಕ. ಪತ್ರಿಕೇಲಿ "ಆನಂದಪುರ" ಅಂತ ಅಚ್ಚು ಹಾಕಿ ಕಳಿಸಿದ. ಈಗ ಒಂದು ಮೀನು ತಾನಾಗಿ ಬಂದು ಊರಿನ ಹೆಸರನ್ನ ಕಲ್ಕತ್ತೆಗೆ ಹೊತ್ಕೊಂಡು ಹೋಗ್ತೀನಿ ಅಂತಿದೆ. ಬೇಡ ಅನ್ನೋಕೆ ನಾನು ಯಾರು?

ಅದಕ್ಕೇ ಹೇಳಿದ್ದು, ಬರೆದುಬಿಡಿ ಅಂತ. ಇಷ್ಟು ದೂರ ದಡಕ್ಕೆ ಬರೋ ಅಗತ್ಯ ಏನಿತ್ತು? ಸಾಗರದಲ್ಲಿ ಇಳಿದು ಒಳ್ಳೇ ಕಾಫಿ ಕುಡಿದು ಬರೆಯಬಹುದಿತ್ತು.

ಸಿಕ್ಕಿದ ಜಾಗ ಕಣ್ಣಾರೆ ನೋಡಬೇಕು... ಹೂಂ. ನಿಯಮವಾ? ನೋಡಿ, ಅದೇ ಜಾಗ. ಅಲ್ಲಿ ಒಣಮರದ ತುದಿ ಕಾಣತ್ತಲ್ಲ, ಕೊಕ್ಕರೆ ಕೂತದ್ದು? ಅದು ಊರಬಾಗಿಲ ಮಾವಿನಮರ. ಬೇಸಿಗೇಲಿ ಹೀಗೆ ಸ್ವಲ್ಪ ತಲೆ ಎತ್ತತ್ತೆ. ಅದರಿಂದ ಬಲಕ್ಕೆ ಇಳಿಜಾರು. ಹೆಂಗಸರು ನೀರು ಹೊರ್ತಾ ಬೈಕೊಳ್ತಿದ್ದ ಇಳಿಜಾರು ಅದು. ನೀರು ದೂರ, ನೀರು ದೂರ ಅಂತ. ಈಗ ಯಾರಿಗೂ ಆ ದೂರು ಇಲ್ಲ. ಇಳಿಜಾರು ಮುಗಿದಲ್ಲಿ ನಮ್ಮನೆ. ಇಡೀ ಊರಿಗೇ ತಗ್ಗಿನ ಮನೆ, ಹಾಗಾಗಿ ಎಲ್ಲರಿಗಿಂತ ಮೊದಲು ಮುಳುಗಿದ ಮರ್ಯಾದೆ ನಮ್ಮದೇ. ಅಲ್ಲೇ ಆಳ ಜಾಸ್ತಿ. ಮಾವಿನಮರದ ಮೇಲೆ ಇನ್ನೊಂದು ಮಾವಿನಮರ ನಿಲ್ಲಿಸಿ, ಅಷ್ಟು. ಅಲ್ಲೇ ಮೀನು.

ಗಾಳದಲ್ಲಿ... ಗಾಳದಲ್ಲೇ ಹಿಡಿದದ್ದು. ಉದ್ದ ದಾರ. ... ಬಾಯಲ್ಲಿ ಗಾಳ ಚುಚ್ಚಿದ ಗಾಯ ಇಲ್ವಾ? ಹಾಗಾದ್ರೆ ಬಲೆ ಇರಬೇಕು. ಎರಡೂ ಹಾಕಿದ್ದೆ. ಯಾವುದಕ್ಕೆ ಬಿತ್ತೋ ಮೀನನ್ನೇ ಕೇಳಬೇಕು. ದೋಣಿ ಈ ಗುತ್ಯಪ್ಪಂದೇ.

ಏ ಗುತ್ಯಪ್ಪ, ಯಾಕೋ ಕೆಮ್ತೀಯ? ಎಲೆಅಡಿಕೆ ಸಿಕ್ಕೊಂಡ್ತಾ ಗಂಟಲಿಗೆ? ಉಗಿ, ಉಗಿದು ಸುಮ್ನೆ ಕೂತ್ಕೋ. ಕಾಲೇಜಿನವರ ಎದುರಿಗೆ ಹಾಗೆಲ್ಲ ಕೆಮ್ಮಬಾರದು.

ಈಗ್ಲೇ ಹೋಗುವ ಅಂತೀರಾ? ದೋಣೀಲಿ? ... ಈಗ ಗಾಳಿ ಏಳೋ ಹೊತ್ತು ಮೇಷ್ಟ್ರೇ. ನೋಡಿ ಆ ಎಲೆ... ಅಲ್ಲಾಡ್ತಿಲ್ಲ, ಆದರೆ ಅಲ್ಲಾಡತ್ತೆ. ಇಲ್ಲಿಯ ಗಾಳಿ ನಿಮಗೆ ಗೊತ್ತಿಲ್ಲ. ಮತ್ತೆ ನಿಮ್ಮದು ಒಳ್ಳೇ ಪ್ಯಾಂಟು. ದೋಣಿ ತಳದಲ್ಲಿ ನೀರಿದೆ. ಗುತ್ಯಪ್ಪನ ದೋಣೀಲಿ ಯಾವಾಗಲೂ ನೀರಿರತ್ತೆ, ಒಳಗೊಂದಿಷ್ಟು ಹೊರಗೊಂದಿಷ್ಟು.

ಹತ್ತಿಬಿಟ್ರಾ! ಏನು ಧೈರ್ಯ ನಿಮ್ಮದು. ನಿಧಾನ... ಹಾಂ, ಆ ಹಲಗೆ ಮೇಲೆ ಕೂತ್ಕೊಳ್ಳಿ.

ನಾನಾ? ನಾನು ಬಂದ್ರೆ ಭಾರ ಆಗತ್ತೆ. ... ಆರು ಜನ ಕೂರ್ತಾರಾ? ಯಾವ ಆರು ಜನ, ಪಾಪ, ಅನ್ನ ಕಾಣದವರು ಇರಬೇಕು. ನನಗೆ ಬೆನ್ನು ಬೇರೆ ಹಿಡ್ಕೊಂಡಿದೆ. ಮತ್ತೆ ಮೀನಿನ ಬಾಟ್ಲಿ ಕಾಯೋಕೆ ಒಬ್ಬರು ಬೇಕಲ್ಲ ದಡದಲ್ಲಿ... ನಿಮ್ಮ ತೊಡೆ ಮೇಲೇ ಇದೆಯಾ? ಅದೂ ಸರಿ. ಆದರೂ.

ಈಜು ಬರಲ್ವಾ ಅಂತೀರಾ? ನನಗಾ! ಶರಾವತಿ ಹೊಳೆ ದಡದಲ್ಲಿ ಹುಟ್ಟಿದವನಿಗೆ ಈಜು ಬರತ್ತಾ ಅಂತ ಕೇಳ್ತಿದ್ದಾರಪ್ಪ ಮೇಷ್ಟ್ರು! ಮಳೆಗಾಲದ ಹೊಳೇಲಿ ಎಮ್ಮೆ ಬಾಲ ಹಿಡಿದು ಆಚೆ ದಾಟಿದವನು ನಾನು. ಹೆದರಿಕೆ ಗಿದರಿಕೆ ಏನಿಲ್ಲ. ಸಮಯ ಕೂಡಿ ಬರಬೇಕು ಅಷ್ಟೇ. ಹೋದ ವರ್ಷ ನಾದಿನಿ ಮದುವೆ ಆಚೆ ಬ್ಯಾಕೋಡಲ್ಲಿ. ಮನೆಯವರೆಲ್ಲ ಇದೇ ದೋಣೀಲಿ ಹೋದ್ರು, ಹಾಡು ಹೇಳ್ತಾ. ನನಗೆ ಅವತ್ತೇ ಜ್ವರ. ಆಮೇಲೆ ಅವಳ ಸೀಮಂತ. ಆಗಲೂ ಜ್ವರ. ಮಗುವಿಗೆ ಹೆಸರಿಡೋ ದಿನವೂ... ಜ್ವರಕ್ಕೆ ಪಂಚಾಂಗ ನೋಡೋ ಅಭ್ಯಾಸ ಇದೆಯಾ ಮೇಷ್ಟ್ರೇ? ಬಂದಾಗ ಬರತ್ತೆ.

ಯಾಕೆ ಹಾಗೆ ನೋಡ್ತೀರಿ?

ನಗು ಎಲ್ಲಿ ಹೋಯ್ತು? ಇಷ್ಟು ಹೊತ್ತು ಮಾತು ಮಾತಿಗೂ ನಗ್ತಿದ್ರಿ. ಈಗ ತಮಾಷೆ ಹೇಳಿದ್ರೆ ನಗಲ್ಲ. ... ಕೈ ಚಾಚಬೇಡಿ, ನಾನು ಬರಲ್ಲ ಅಂದೆನಲ್ಲ. ಬರೋ ಹಾಗಿದ್ರೆ ನಿಮ್ಮ ಕೈ ಹಿಡಿದು ಬರ್ತೀನಾ? ಹಾರಿ ಕೂರ್ತೀನಿ.

ಏನಾದ್ರೂ ಮಾತಾಡಿ. ಸುಳ್ಳ ಅನ್ನಿ, ಬೈಯಿರಿ. ಮೇಷ್ಟ್ರು ಅಂದ್ರೆ ಬೈಬೇಕು ಮಾರಾಯ್ರೇ, ಹೀಗೆ ಸುಮ್ನೆ ಕೂರಬಾರದು. ಗುತ್ಯಪ್ಪ, ನೀನಾದ್ರೂ ಕೆಮ್ಮೋ...

...

ಹತ್ತಿಲ್ಲ.

ಇಲ್ಲ. ನೀರು ನಿಂತ ಮೇಲೆ ಒಂದು ಸಲವೂ ದೋಣಿ ಹತ್ತಿಲ್ಲ. ಹತ್ತಿದ್ರೆ ನಮ್ಮನೆ ಮೇಲೇ ಹೋಗಬೇಕಾಗತ್ತೆ. ಮನೆಯೊಳಗೆ ಚಪ್ಪಲಿ ಹಾಕಿ ನಡೆಯದವರು ನಾವು. ಮಾಡಿನ ಮೇಲೆ ದೋಣಿ ಬಿಟ್ಕೊಂಡು ಹೋಗೋದು ಹೇಗೆ, ನೀವೇ ಹೇಳಿ.

ಮೀನು... ಮೀನು ಆನಂದಪುರದ ಹತ್ತಿರದ್ದು. ಹುಣಸೆಕೊಪ್ಪ ಅಂತ. ಹೋದ ವಾರ ನಿಮ್ಮ ಮನೆಗೆ ಬರೋ ನಾಲ್ಕು ದಿನ ಮೊದಲು ಅಲ್ಲಿ ಕೆರೆಬೇಟೆ ಇತ್ತು. ಗೊತ್ತಲ್ಲ ನಿಮಗೆ, ಬೇಸಿಗೇಲಿ ಕೆರೆ ನೀರು ಇಳಿದಾಗ ಡೋಲು ಬಡಿದು ಸುತ್ತಿನ ಊರವರನ್ನೆಲ್ಲ ಒಟ್ಟಿಗೆ ಕೆರೆಗೆ ಇಳಿಸೋದು. ಬಿದಿರಿನ ಬುಟ್ಟಿಯಂಥ ಕೂಣಿ ಕೆಸರಿಗೆ ಕವುಚಿ ಹಾಕಿ, ಮೇಲಿನ ಬಾಯಿಂದ ಕೈ ಬಿಟ್ಟು ಮೀನು ತಡಕೋದು. ಅಲ್ಲಿ ಗಾಳವೂ ಇಲ್ಲ, ಬಲೆಯೂ ಇಲ್ಲ. ನಾನೂ ಕೂಣಿ ಹೊತ್ಕೊಂಡು ಹೋದೆ. ದಂಡೆ ಮೇಲಿದ್ದ ಒಬ್ಬ ಕೂಗಿದ, "ಓ, ಮುಳುಗಡೆಯವರು ಬಂದ್ರು! ಇಡೀ ಊರೇ ನೀರಲ್ಲಿದೆ, ಮೀನಿಗೆ ನಮ್ಮ ಕೆರೆಗೇ ಬರಬೇಕಾ ಇವರು?" ಕೆರೆಗೆ ಕೆರೆಯೇ ನಕ್ತು. ನಾನೂ ನಕ್ಕೆ. ನಗೋ ಮಾತೇ ಅಲ್ವಾ ಅದು? ಒಳ್ಳೇ ಮಾತು. ಆಗಲೇ ಕೂಣಿಯೊಳಗೆ ಕೈಗೆ ಸಿಕ್ಕಿದ್ದು ಇದು.

ಅಲ್ಲಿಯ ಪದ್ಧತಿ ಹೇಗೆ ಗೊತ್ತಾ? ಮೀನು ಯಾರ ಕೂಣಿಗೆ ಬಿತ್ತೋ ಅವರದು. ಹೆಸರು ಮಾತ್ರ ಕೆರೆಯದು. ಮನೆಗೆ ತಂದು ಸಾರು ಮಾಡಿ ನೆಂಟರಿಗೆ ಬಡಿಸೋವಾಗಲೂ ಹುಣಸೆಕೊಪ್ಪದ ಮೀನು ಅಂತಲೇ ಹೇಳಬೇಕು. ಹುಟ್ಟಿದಾಗಿಂದ ಹಾಗೇ ಹೇಳ್ಕೊಂಡು ಬಂದಿದ್ದೀನಿ. ನಿಮ್ಮ ಜಗಲಿ ಮೇಲೆ ಒಂದೇ ಒಂದು ಸಲ ನಾಲಿಗೆ ತಿರುಗಲಿಲ್ಲ.

ಹೂಂ, ಬರ್ಕೊಳ್ಳಿ. ಹುಣಸೆಕೊಪ್ಪ. ಕೆರೆ ಮೀನು. ಆಳ, ಸೊಂಟದವರೆಗೆ. ... ಹುಣಸೆಕೊಪ್ಪೆನ್ಸಿಸ್. ಥೂ, ಸಾರಿಗೆ ಹುಳಿ ಹಿಂಡಿದ ಹಾಗಿದೆ. ಲಂಡನ್ನಿನವರಿಗೆ ಅದೇ ಹಣೇಲಿ ಬರೆದಿದೆ, ಅನ್ನಲಿ.

ಬರೀಲಿಲ್ವಲ್ಲ? ಪೆನ್ನು ಯಾಕೆ ಜೇಬಿಗೆ ಹಾಕಿದ್ರಿ? ... ಇಳೀರಿ ಮತ್ತೆ, ಕೈ ಕೊಡ್ತೀನಿ. ಮೀನು ಅಲ್ಲೀದಲ್ಲ ಅಂದ ಮೇಲೆ ಅಲ್ಲಿಗೆ ಹೋಗಿ ಎಂತ ಮಾಡ್ತೀರಿ?

ಏ, ಏ ಗುತ್ಯಪ್ಪ! ಎಲ್ಲಿಗೋ? ಹುಟ್ಟು ಹಾಕ್ತಿದ್ದೀಯಲ್ಲೋ! ಮೇಷ್ಟ್ರೇ, ಏನು ಸನ್ನೆ ಮಾಡಿದ್ರಿ ಅವನಿಗೆ? ಅಲ್ಲಿ ಏನೂ ಇಲ್ಲ ಮಾರಾಯ್ರೇ, ನೀರು! ಬರೀ ನೀರು!

...

ಎಡಕ್ಕೆ ಹೋಗ್ತಿದ್ದೀರಿ. ಎಡಕ್ಕಲ್ಲ! ಅದು ಗೌಡ್ರ ಗದ್ದೆ! ಮಾವಿನಮರದಿಂದ ಬಲಕ್ಕೆ... ಬಲಕ್ಕೆ... ಹಾಂ, ಇಳಿಜಾರು. ಇಳೀರಿ. ಇನ್ನೂ ಸ್ವಲ್ಪ ಮುಂದೆ. ಕೇಳ್ತಾ? ಸ್ವಲ್ಪ... ಅಲ್ಲೇ! ನಿಲ್ಸು ಗುತ್ಯಪ್ಪ, ಅಲ್ಲೇ!

ಮೇಷ್ಟ್ರೇ! ನಮ್ಮನೆ ಅಂಗಳ ಅದು! ಬಂದವರಿಗೆ ಮೊದಲು ಕಾಲು ತೊಳೆಯೋಕೆ ನೀರು ಕೊಡಬೇಕು ನಾವು... ಅಲ್ಲೇ ಇದೆ, ತಗೊಳ್ಳಿ!